ಲಾಭವಿಲ್ಲದ ಕಾಯಿಲೆಗೆ ಔಷಧ ಹುಟ್ಟುವುದು ಹೇಗೆ?

1975ರಿಂದ 1999ರವರೆಗಿನ ಇಪ್ಪತ್ತೈದು ವರ್ಷಗಳಲ್ಲಿ ಜಗತ್ತಿನ ಮಾರುಕಟ್ಟೆಗೆ 1,393 ಹೊಸ ಔಷಧಗಳು ಬಂದವು. ಉಷ್ಣವಲಯದ ಕಾಯಿಲೆಗಳಿಗೂ ಕ್ಷಯಕ್ಕೂ ಸೇರಿ ಸಿಕ್ಕಿದ್ದು ಬರೀ 16. ನಿದ್ರಾ ರೋಗ, ಮರಳು ನೊಣದಿಂದ ಹರಡುವ ಕಾಲಾ ಅಜಾರ್, ಲ್ಯಾಟಿನ್ ಅಮೆರಿಕದ ಶಾಗಸ್, ಆನೆಕಾಲು, ನದಿ ಕುರುಡು ಮುಂತಾಗಿ ವಿಶ್ವ ಆರೋಗ್ಯ ಸಂಸ್ಥೆ 'ನಿರ್ಲಕ್ಷಿತ ಉಷ್ಣವಲಯದ ಕಾಯಿಲೆಗಳು' ಎಂದು ಪಟ್ಟಿ ಮಾಡಿರುವ ರೋಗಗಳು ನೂರು ಕೋಟಿಗೂ ಹೆಚ್ಚು ಜನರನ್ನು ಕಾಡುತ್ತವೆ. ರೋಗಿಗಳಿಗೇನೂ ಬರವಿಲ್ಲ. ಔಷಧ ಕೊಳ್ಳುವಷ್ಟು ದುಡ್ಡು ಅವರ ಕೈಯಲ್ಲಿಲ್ಲ, ಅಷ್ಟೇ. ಕಂಪನಿಯೊಂದು ಹತ್ತು-ಹನ್ನೆರಡು ವರ್ಷ ಹಣ ಸುರಿದು ಔಷಧ ತಯಾರಿಸಿದರೂ ಅಸಲು ಗಿಟ್ಟುವುದಿಲ್ಲ.

ವಿಜ್ಞಾನ ಗೊತ್ತಿರಲಿಲ್ಲ ಎಂದು ಇದನ್ನು ತಳ್ಳಿಹಾಕುವಂತಿಲ್ಲ. ಎಫ್ಲೋರ್ನಿಥಿನ್ ಎಂಬ ಔಷಧದ ಕತೆಯನ್ನೇ ನೋಡಿ. ಅದು ಮೊದಲು ಕ್ಯಾನ್ಸರ್‌ಗೆಂದು ತಯಾರಾದದ್ದು. ನಿದ್ರಾ ರೋಗಕ್ಕೂ ಕೆಲಸ ಮಾಡುತ್ತದೆ ಎಂದು ಗೊತ್ತಾಗಿ 1990ರಲ್ಲಿ ಅನುಮತಿ ಸಿಕ್ಕಿತು. ಆದರೆ ಲಾಭವಿಲ್ಲವೆಂದು ಕೆಲವೇ ವರ್ಷಗಳಲ್ಲಿ ತಯಾರಿಕೆ ನಿಂತಿತು. ಆಫ್ರಿಕಾದ ವೈದ್ಯರ ಕೈಯಲ್ಲಿ ಉಳಿದದ್ದು 1949ರ ಮೆಲಾರ್ಸೊಪ್ರೋಲ್. ಅದು ಆರ್ಸೆನಿಕ್‌ನಿಂದ ಮಾಡಿದ ಚುಚ್ಚುಮದ್ದು. ಚುಚ್ಚಿದರೆ ರಕ್ತನಾಳವೇ ಉರಿಯುತ್ತಿತ್ತು, ಚಿಕಿತ್ಸೆ ಪಡೆದ ನೂರು ಜನರಲ್ಲಿ ಸುಮಾರು ಐವರು ರೋಗದಿಂದಲ್ಲ, ಆ ಮದ್ದಿನಿಂದಲೇ ಸಾಯುತ್ತಿದ್ದರು. ಅತ್ತ ಅದೇ ಎಫ್ಲೋರ್ನಿಥಿನ್ 2000ದಲ್ಲಿ ಹೆಂಗಸರ ಮುಖದ ಬೇಡದ ಕೂದಲು ತಡೆಯುವ ಕ್ರೀಮಾಗಿ ಅಮೆರಿಕದ ಅಂಗಡಿಗೆ ಬಂತು. ಸುದ್ದಿ ಹಬ್ಬಿ, ಒತ್ತಡ ಹೆಚ್ಚಿ, 2001ರಲ್ಲಿ ಅವೆಂಟಿಸ್ ಕಂಪನಿಯು ವಿಶ್ವ ಆರೋಗ್ಯ ಸಂಸ್ಥೆಯೊಂದಿಗೆ ಒಪ್ಪಂದ ಮಾಡಿಕೊಂಡು ಚುಚ್ಚುಮದ್ದನ್ನು ಮತ್ತೆ ಒದಗಿಸತೊಡಗಿತು.

ಔಷಧದ ಅಣು ಇದ್ದ ಮಾತ್ರಕ್ಕೆ ಔಷಧ ಇದ್ದಂತಲ್ಲ. ಅದನ್ನು ಯಾರು ತಯಾರಿಸಬೇಕು, ಯಾವ ಬೆಲೆಗೆ, ಎಷ್ಟು ವರ್ಷ, ತಯಾರಕ ಕೈಬಿಟ್ಟರೆ ಯಾರು ಮುಂದುವರಿಸಬೇಕು ಎಂಬುದು ಬರಹದಲ್ಲಿ ಇರಬೇಕು. ಸಾರ್ವಜನಿಕ-ಖಾಸಗಿ ಸಹಭಾಗಿತ್ವ ಎನ್ನುವುದರ ತಿರುಳು ಈ ಬರಹವೇ. ದಾನಧರ್ಮದ ಮಾತು ಆಮೇಲಿನದು.

ಯಾರ ಪಾಲು ಏನು

ಇಂಥ ಕೆಲಸಕ್ಕೆಂದೇ ಹುಟ್ಟಿಕೊಂಡವು 'ಉತ್ಪನ್ನ ಅಭಿವೃದ್ಧಿ ಸಹಭಾಗಿತ್ವ' ಎನ್ನುವ ಲಾಭರಹಿತ ಸಂಸ್ಥೆಗಳು. ಮಲೇರಿಯಾಕ್ಕೆ 1999ರಲ್ಲಿ ಎಂಎಂವಿ, ಕ್ಷಯಕ್ಕೆ 2000ದಲ್ಲಿ ಟಿಬಿ ಅಲಯನ್ಸ್ ಬಂದವು. ನಿರ್ಲಕ್ಷಿತ ಕಾಯಿಲೆಗಳಿಗೆ 2003ರಲ್ಲಿ ಜಿನೀವಾದಲ್ಲಿ ಡಿಎನ್‌ಡಿಐ ಶುರುವಾಯಿತು. ಅದನ್ನು ಕಟ್ಟಿದವರು ಡಾಕ್ಟರ್ಸ್ ವಿದೌಟ್ ಬಾರ್ಡರ್ಸ್ ಎಂದೇ ಹೆಚ್ಚು ಪರಿಚಿತವಾದ ಎಂಎಸ್‌ಎಫ್, ಫ್ರಾನ್ಸಿನ ಪಾಶ್ಚರ್ ಸಂಸ್ಥೆ, ಬ್ರೆಜಿಲ್‌ನ ಓಸ್ವಾಲ್ಡೊ ಕ್ರೂಜ್ ಪ್ರತಿಷ್ಠಾನ, ಭಾರತದ ಐಸಿಎಂಆರ್, ಕೆನ್ಯಾದ ವೈದ್ಯಕೀಯ ಸಂಶೋಧನಾ ಸಂಸ್ಥೆ ಮತ್ತು ಮಲೇಷ್ಯಾದ ಆರೋಗ್ಯ ಸಚಿವಾಲಯ. ರೋಗ ಇರುವ ದೇಶಗಳ ಸರ್ಕಾರಿ ಸಂಸ್ಥೆಗಳು ಮೊದಲ ದಿನದಿಂದಲೇ ಯಜಮಾನಿಕೆಯಲ್ಲಿ ಪಾಲುದಾರರು ಎಂಬುದನ್ನು ಗಮನಿಸಬೇಕು.

ಇಂಥ ಸಂಸ್ಥೆಗೆ ಸಾಮಾನ್ಯವಾಗಿ ತನ್ನದೇ ಪ್ರಯೋಗಾಲಯ ಇರುವುದಿಲ್ಲ, ಕಾರ್ಖಾನೆಯೂ ಇಲ್ಲ. ಮದುವೆ ಮನೆಯ ಮೇಸ್ತ್ರಿಯಂತೆ ಎಲ್ಲರಿಂದಲೂ ಕೆಲಸ ತೆಗೆಸುವುದೇ ಅದರ ಕೆಲಸ. ಕಂಪನಿಗಳ ಬಳಿ ಲಕ್ಷಗಟ್ಟಲೆ ಸಂಯುಕ್ತಗಳ ಭಂಡಾರವಿದೆ. ಒಂದು ಅಣುವನ್ನು ಕೆಡದ ಮಾತ್ರೆಯಾಗಿ, ಪ್ರತಿ ಬ್ಯಾಚೂ ಒಂದೇ ತೆರನಾಗಿರುವಂತೆ ತಯಾರಿಸುವ ಕೌಶಲವಿದೆ. ಅನುಮತಿ ಅರ್ಜಿಯ ಸಾವಿರಾರು ಪುಟಗಳನ್ನು ಸಿದ್ಧಪಡಿಸುವ ಅನುಭವವಿದೆ. ಪರೋಪಜೀವಿಯನ್ನು ಬೆಳೆಸಿ ಸಂಯುಕ್ತಗಳನ್ನು ಪರೀಕ್ಷಿಸುವುದು ವಿಶ್ವವಿದ್ಯಾಲಯಗಳಿಗೆ, ಸಾರ್ವಜನಿಕ ಸಂಸ್ಥೆಗಳಿಗೆ ಗೊತ್ತು. ರೋಗಿಗಳು ಎಲ್ಲಿದ್ದಾರೆ, ಅವರನ್ನು ತಲುಪುವುದು ಹೇಗೆ ಎಂಬುದು ಆಯಾ ದೇಶದ ಆರೋಗ್ಯ ಇಲಾಖೆಗೆ ಗೊತ್ತು. ಹಣ ಬರುವುದು ಬಹುಪಾಲು ಸರ್ಕಾರಗಳಿಂದ ಮತ್ತು ಗೇಟ್ಸ್, ವೆಲ್‌ಕಮ್‌ನಂಥ ಪ್ರತಿಷ್ಠಾನಗಳಿಂದ. ಜಪಾನಿನಲ್ಲಿ ಸರ್ಕಾರ, ಔಷಧ ಕಂಪನಿಗಳು ಮತ್ತು ಪ್ರತಿಷ್ಠಾನಗಳು ಒಂದೇ ಹುಂಡಿಗೆ ಹಣ ಹಾಕುವ ಜಿಎಚ್ಐಟಿ ನಿಧಿಯೂ ಇದೆ.

ಮೊದಲ ಕಾಗದ

ಪ್ರಯೋಗಾಲಯದಲ್ಲಿ ಕೆಲಸ ಶುರುವಾಗುವ ಮುಂಚೆಯೇ ಒಂದೆರಡು ಪುಟದ ಕಾಗದವೊಂದು ಸಿದ್ಧವಾಗುತ್ತದೆ. ನಮಗೆ ಎಂಥ ಔಷಧ ಬೇಕು ಎಂಬ ವಿವರಪಟ್ಟಿ ಅದು. ಪ್ರತಿ ಸಾಲಿಗೂ ಎರಡು ಕಾಲಂ: ಒಂದು 'ಹೀಗಿದ್ದರೆ ಉತ್ತಮ', ಇನ್ನೊಂದು 'ಕನಿಷ್ಠ ಇಷ್ಟಾದರೂ ಇರಲೇಬೇಕು'. ಬಾಯಿಗೆ ನುಂಗುವ ಮದ್ದೋ ಚುಚ್ಚುಮದ್ದೋ? ಎಷ್ಟು ದಿನ? ಮಕ್ಕಳಿಗೆ, ಗರ್ಭಿಣಿಯರಿಗೆ ಕೊಡಬಹುದೇ? ಫ್ರಿಜ್ ಬೇಕೇ? ಒಬ್ಬ ರೋಗಿಯ ಚಿಕಿತ್ಸೆಯ ಖರ್ಚು ಎಷ್ಟನ್ನು ಮೀರಬಾರದು?

ತಪ್ಪು ಇಲ್ಲಿ ನುಸುಳಿದರೆ ಹತ್ತು ವರ್ಷದ ಮೇಲೆ ಬಯಲಾಗುತ್ತದೆ. ಸೆಖೆಯ ನಾಡಿನಲ್ಲಿ ಬಳಸುವ ಮಾತ್ರೆ 30 ಡಿಗ್ರಿ ಸೆಲ್ಸಿಯಸ್ ಶಾಖ ಮತ್ತು ಶೇ 75 ತೇವಾಂಶದಲ್ಲಿ ದೀರ್ಘಕಾಲ ಕೆಡದೆ ಇರಬೇಕು. ಜೊತೆಗೆ 40 ಡಿಗ್ರಿಯಲ್ಲಿ ಆರು ತಿಂಗಳಿಟ್ಟು ಪರೀಕ್ಷಿಸುತ್ತಾರೆ. ಯುರೋಪಿನ ಹವೆಗೆ ಹೊಂದಿಸಿದ 25 ಡಿಗ್ರಿಯ ಪರೀಕ್ಷೆ ಸಾಕೆಂದು ಮುಂದುವರಿದರೆ ಮಾತ್ರೆಯ ಪ್ಯಾಕಿಂಗಿನಿಂದ ಹಿಡಿದು ಮತ್ತೆ ಮೊದಲಿನಿಂದ ಕೆಲಸ. ಹಾಗೆಯೇ 'ಉತ್ತಮ' ಕಾಲಮ್ಮಿನ ಎಲ್ಲವನ್ನೂ 'ಕನಿಷ್ಠ'ಕ್ಕೆ ತುಂಬಿಬಿಟ್ಟರೆ ಯಾವ ಅಣುವೂ ಉತ್ತೀರ್ಣವಾಗದು.

ಪಟ್ಟಿ ಕೈಗೆ ಬಂದ ಮೇಲಿನ ದಾರಿ ಬೇರೆ ಔಷಧಗಳದ್ದೇ. ಸಾವಿರಾರು ಸಂಯುಕ್ತಗಳನ್ನು ಪರೋಪಜೀವಿಯ ಮೇಲೆ ಹಾಕಿ ಸೋಸುವುದು, ಉಳಿದವನ್ನು ತಿದ್ದಿ ಬಲಪಡಿಸುವುದು, ಎರಡು ಜಾತಿಯ ಪ್ರಾಣಿಗಳಲ್ಲಿ ವಿಷತ್ವ ನೋಡುವುದು, ಆಮೇಲೆ ಆರೋಗ್ಯವಂತ ಸ್ವಯಂಸೇವಕರಲ್ಲಿ ಮೊದಲ ಹಂತ, ರೋಗಿಗಳಲ್ಲಿ ಎರಡನೆಯ ಮತ್ತು ಮೂರನೆಯ ಹಂತದ ಪ್ರಯೋಗ. ಪ್ರತಿ ಹಂತದ ಕೊನೆಯಲ್ಲೂ 'ಮುಂದೆ ಹೋಗೋಣವೇ, ಇಲ್ಲಿಗೇ ಬಿಡೋಣವೇ' ಎಂಬ ತೀರ್ಮಾನ. ಪಟ್ಟಿಯಲ್ಲಿ ಬರೆದ ಕನಿಷ್ಠಕ್ಕೆ ಬಾರದ್ದನ್ನು ಬಿಟ್ಟುಬಿಡುವುದು ಕಷ್ಟದ ಕೆಲಸ, ಆದರೆ ಸೀಮಿತ ದುಡ್ಡಿನ ಸಂಸ್ಥೆಗೆ ಬೇರೆ ದಾರಿಯಿಲ್ಲ. ಶಾಗಸ್ ರೋಗಕ್ಕೆ ಜಪಾನಿನ ಐಸಾಯ್ ಕಂಪನಿಯ ಫೊಸ್ರಾವುಕೊನಜೋಲ್ ಭರವಸೆ ಹುಟ್ಟಿಸಿತ್ತು. ಬೊಲಿವಿಯಾದ ಪ್ರಯೋಗದಲ್ಲಿ ಚಿಕಿತ್ಸೆ ಮುಗಿದಾಗ ರಕ್ತದಲ್ಲಿ ಪರೋಪಜೀವಿ ಕಾಣಲಿಲ್ಲ. ವರ್ಷದೊಳಗೆ ಬಹುತೇಕರಲ್ಲಿ ಮರಳಿ ಬಂತು. ಹಳೆಯ ಬೆಂಜ್‌ನಿಡಜೋಲ್ ಪಡೆದವರಲ್ಲಿ ಹೆಚ್ಚಿನವರು ಶುದ್ಧವಾಗಿಯೇ ಉಳಿದಿದ್ದರು. ಆ ಬಳಕೆಗೆ ಅದನ್ನು ಒಂಟಿಯಾಗಿ ಕೊಡುವ ಯೋಚನೆ ಅಲ್ಲಿಗೇ ನಿಂತಿತು.

ಕಪಾಟಿನಿಂದ ಎದ್ದು ಬಂದ ಫೆಕ್ಸಿನಿಡಜೋಲ್

ಈ ವ್ಯವಸ್ಥೆ ಹೇಗೆ ನಡೆಯುತ್ತದೆಂದು ತಿಳಿಯಲು ನಿದ್ರಾ ರೋಗದಷ್ಟು ಒಳ್ಳೆಯ ಉದಾಹರಣೆ ಬೇರೆ ಇಲ್ಲ. ತ್ಸೆತ್ಸೆ ನೊಣ ಕಚ್ಚಿದಾಗ ಒಳಹೋಗುವ ಪರೋಪಜೀವಿ ಮೊದಲು ರಕ್ತದಲ್ಲಿ, ಆಮೇಲೆ ಮಿದುಳಿನಲ್ಲಿ ನೆಲೆಸುತ್ತದೆ. ಎರಡನೆಯ ಹಂತಕ್ಕೆ ಎಫ್ಲೋರ್ನಿಥಿನ್ ಕೊಡಬೇಕೆಂದರೆ ದಿನಕ್ಕೆ ನಾಲ್ಕು ಬಾರಿ ಡ್ರಿಪ್, ಹದಿನಾಲ್ಕು ದಿನ; ಒಟ್ಟು 56. ಕರೆಂಟಿಲ್ಲದ ಹಳ್ಳಿ ಆಸ್ಪತ್ರೆಯಲ್ಲಿ ರಾತ್ರಿ ಹೊತ್ತೂ ಒಬ್ಬ ನರ್ಸ್ ಡ್ರಿಪ್ ಬಳಿ ಇರಬೇಕು.

ಸಹಭಾಗಿತ್ವ ಮೊದಲು ಮಾಡಿದ್ದು ಹೊಸ ಔಷಧವನ್ನಲ್ಲ, ಹಳೆಯದರ ಜೋಡಣೆಯನ್ನು. ಶಾಗಸ್‌ಗೆ ಬಳಸುವ ನಿಫುರ್ಟಿಮಾಕ್ಸ್ ಮಾತ್ರೆಯನ್ನು ಹತ್ತು ದಿನ ಕೊಟ್ಟು, ಅದರೊಂದಿಗೆ ಎಫ್ಲೋರ್ನಿಥಿನ್ ಅನ್ನು ದಿನಕ್ಕೆ ಎರಡರಂತೆ ಏಳು ದಿನ ಕೊಟ್ಟರೆ ಸಾಕೆಂದು ತೋರಿಸಿದರು. 56 ಡ್ರಿಪ್ 14ಕ್ಕೆ ಇಳಿಯಿತು. 2009ರಲ್ಲಿ ಇದು ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಗಳ ಪಟ್ಟಿ ಸೇರಿತು. ಇಂಥ ಜೋಡಣೆಗೆ ಹೊಸ ಅಣುವಿಗಿಂತ ಎಷ್ಟೋ ಕಡಿಮೆ ಹಣ ಸಾಕು, ಫಲವೂ ಬೇಗ. ದೊಡ್ಡ ಆವಿಷ್ಕಾರದ ಸುದ್ದಿಗೆ ಕಾಯುವವರಿಗೆ ಇದು ಸಪ್ಪೆ ಅನಿಸಬಹುದು, ರೋಗಿಗೆ ಹಾಗನ್ನಿಸಲಾರದು.

ಇತ್ತ ಹೊಸ ಅಣುವಿನ ಹುಡುಕಾಟವೂ ನಡೆದಿತ್ತು. ನೈಟ್ರೊ ಗುಂಪು ಇರುವ 700ಕ್ಕೂ ಹೆಚ್ಚು ಹಳೆಯ ಸಂಯುಕ್ತಗಳನ್ನು ನಾನಾ ಕಡೆಯಿಂದ ತರಿಸಿ ಪರೀಕ್ಷಿಸಿದಾಗ 2005ರಲ್ಲಿ ಕಣ್ಣಿಗೆ ಬಿದ್ದದ್ದು ಫೆಕ್ಸಿನಿಡಜೋಲ್. ಜರ್ಮನಿಯ ಹೋಕ್ಸ್ಟ್ ಕಂಪನಿ ದಶಕಗಳ ಹಿಂದೆಯೇ ಇದನ್ನು ತಯಾರಿಸಿ ಪಕ್ಕಕ್ಕಿಟ್ಟಿತ್ತು. ಈ ಜಾತಿಯ ಸಂಯುಕ್ತಗಳನ್ನು ಕಂಡರೆ ಔಷಧ ಲೋಕಕ್ಕೆ ಅಂಜಿಕೆ. ಬ್ಯಾಕ್ಟೀರಿಯಾ ಬಳಸಿ ಮಾಡುವ ಏಮ್ಸ್ ಪರೀಕ್ಷೆಯಲ್ಲಿ ಇವು ವಂಶವಾಹಿಗೆ ಹಾನಿ ಮಾಡುವಂತೆ ಕಾಣುತ್ತವೆ. ಕೂಲಂಕಷವಾಗಿ ನೋಡಿದಾಗ ತಿಳಿದದ್ದು: ಆ ಹಾನಿಗೆ ಬೇಕಾದ ನೈಟ್ರೊರಿಡಕ್ಟೇಸ್ ಕಿಣ್ವ ಬ್ಯಾಕ್ಟೀರಿಯಾದ್ದೇ. ಸಸ್ತನಿ ಜೀವಕೋಶಗಳ ಪರೀಕ್ಷೆಯಲ್ಲಿ ಫೆಕ್ಸಿನಿಡಜೋಲ್ ಅಂಥ ಹಾನಿ ಮಾಡಲಿಲ್ಲ. ಇಷ್ಟನ್ನು ಖಾತ್ರಿ ಮಾಡಿಕೊಳ್ಳಲು ಖರ್ಚು ಮಾಡುವ ಮನಸ್ಸು ಲಾಭ ನೋಡುವ ಕಂಪನಿಗೆ ಬರುವುದು ಕಷ್ಟ. ಸಾರ್ವಜನಿಕ ಹಣ ಉಪಯೋಗಕ್ಕೆ ಬಂದದ್ದು ಇಲ್ಲೇ.

2009ರಲ್ಲಿ ಸನೋಫಿ ಜೊತೆ ಒಪ್ಪಂದವಾಯಿತು. ಹೋಕ್ಸ್ಟ್ ಆ ಹೊತ್ತಿಗೆ ಅವೆಂಟಿಸ್ ಮೂಲಕ ಸನೋಫಿಯಲ್ಲೇ ಕರಗಿತ್ತು ಎನ್ನುವುದು ಕಾಕತಾಳೀಯ. ಕ್ಲಿನಿಕಲ್ ಪ್ರಯೋಗದ ಹೊಣೆ ಡಿಎನ್‌ಡಿಐಗೆ. ತಯಾರಿಕೆ, ಅನುಮತಿ, ಪೂರೈಕೆ ಸನೋಫಿಗೆ. ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯ ಮತ್ತು ಮಧ್ಯ ಆಫ್ರಿಕಾ ಗಣರಾಜ್ಯದಲ್ಲಿ ರೋಗ ಮಿದುಳಿಗೇರಿದ್ದ 394 ಜನರ ಮೇಲೆ ಪ್ರಯೋಗ ನಡೆಯಿತು. ಇಂಥ ಕಡೆ ಪ್ರಯೋಗ ಮಾಡುವುದೆಂದರೆ ಮೊದಲು ಆಸ್ಪತ್ರೆಗೆ ವಿದ್ಯುತ್ತು, ಸೂಕ್ಷ್ಮದರ್ಶಕ, ಇಂಟರ್ನೆಟ್ ಒದಗಿಸಿ, ಸಿಬ್ಬಂದಿಗೆ ತರಬೇತಿ ಕೊಟ್ಟು ಆಮೇಲೆ ಮೊದಲ ರೋಗಿಯನ್ನು ಸೇರಿಸಿಕೊಳ್ಳುವುದು. ಗುಣವಾಗಿದೆಯೇ ಎಂದು ನೋಡಲು ಹದಿನೆಂಟು ತಿಂಗಳವರೆಗೆ ರೋಗಿ ಮತ್ತೆ ಮತ್ತೆ ಬರಬೇಕು, ಬೆನ್ನಿನ ದ್ರವ ಕೊಡಬೇಕು. ಕೊನೆಗೆ ಫೆಕ್ಸಿನಿಡಜೋಲ್ ಸುಮಾರು ಶೇ 91ರಲ್ಲಿ, ಜೋಡಿ ಚಿಕಿತ್ಸೆ ಸುಮಾರು ಶೇ 98ರಲ್ಲಿ ಯಶಸ್ವಿಯಾಯಿತು.

ಹೊಸದು ಹಳೆಯದಕ್ಕಿಂತ ಕಡಿಮೆ! ಆದರೂ ಒಪ್ಪಿದ್ದೇಕೆ? ಪೂರ್ತಿ ಬಾಯಿಗೆ ನುಂಗುವ ಮಾತ್ರೆಯಾದರೆ ಡ್ರಿಪ್ ಹಾಕಲಾಗದ ಊರಿಗೂ ಚಿಕಿತ್ಸೆ ತಲುಪುತ್ತದೆ, ಆ ಲಾಭ ಈ ಅಂತರಕ್ಕಿಂತ ದೊಡ್ಡದು ಎಂದು ಪ್ರಯೋಗಕ್ಕೆ ಮುಂಚೆಯೇ ಎಷ್ಟು ಅಂತರವನ್ನು ಒಪ್ಪಬಹುದೆಂದು ನಿಗದಿ ಮಾಡಿದ್ದರು. ಆಮೇಲೆ ಲೆಕ್ಕ ಬದಲಿಸಿದ್ದರೆ ಯಾರೂ ನಂಬುತ್ತಿರಲಿಲ್ಲ. ಯುರೋಪಿನ ಔಷಧ ಸಂಸ್ಥೆ ತನ್ನ ಗಡಿಯಾಚೆಗಿನ ರೋಗಗಳ ಔಷಧವನ್ನೂ ಪರಿಶೀಲಿಸುವ 58ನೇ ವಿಧಿಯಡಿ 2018ರ ನವೆಂಬರ್‌ನಲ್ಲಿ ಸಮ್ಮತಿಸಿತು. ಮರುತಿಂಗಳೇ ಕಾಂಗೋ ಅನುಮತಿ ಕೊಟ್ಟಿತು, 2021ರಲ್ಲಿ ಅಮೆರಿಕ.

ಇನ್ನು ಬಳಕೆಯ ಸೂಕ್ಷ್ಮ. 600 ಮಿಲಿಗ್ರಾಂ ಮಾತ್ರೆ. 35 ಕಿಲೋ ಮತ್ತು ಮೇಲಿನವರಿಗೆ ಮೊದಲ ನಾಲ್ಕು ದಿನ ದಿನಕ್ಕೆ ಮೂರು, ನಂತರದ ಆರು ದಿನ ಎರಡು. 20ರಿಂದ 35 ಕಿಲೋ ಒಳಗಿನವರಿಗೆ ಎರಡು, ಆಮೇಲೆ ಒಂದು. ದಿನಕ್ಕೊಮ್ಮೆ, ಊಟದ ಜೊತೆಗೇ. ಬರಿ ಹೊಟ್ಟೆಯಲ್ಲಿ ನುಂಗಿದರೆ ರಕ್ತಕ್ಕೆ ಸೇರುವ ಪ್ರಮಾಣ ತೀರಾ ಇಳಿದು, ಮಿದುಳಿನಲ್ಲಿರುವ ಪರೋಪಜೀವಿ ಬದುಕಿಕೊಳ್ಳುತ್ತದೆ. ವಾಂತಿ ಇದರ ಸಾಮಾನ್ಯ ಅಡ್ಡಪರಿಣಾಮ. ಹಾಗಾಗಿ ಮಾತ್ರೆ ಕೊಟ್ಟು ಮನೆಗೆ ಕಳಿಸಿದರೆ ಆಗದು. ಊಟ ಮಾಡಿದ್ದನ್ನೂ ಮಾತ್ರೆ ನುಂಗಿದ್ದನ್ನೂ ಆರೋಗ್ಯ ಸಿಬ್ಬಂದಿ ಕಣ್ಣಾರೆ ನೋಡಬೇಕು. ಬೆನ್ನಿನ ದ್ರವದ ಪ್ರತಿ ಮೈಕ್ರೊಲೀಟರಿನಲ್ಲಿ ಬಿಳಿ ರಕ್ತಕಣಗಳು 100 ಮುಟ್ಟಿದ್ದ ರೋಗಿಗಳಲ್ಲಿ ಫಲ ಕಡಿಮೆ ಎಂದು ಪ್ರಯೋಗವೇ ತೋರಿಸಿತ್ತು. ಆದ್ದರಿಂದ 2019ರ ಮಾರ್ಗಸೂಚಿ ಅಂಥವರಿಗೆ ಹಳೆಯ ಜೋಡಿ ಚಿಕಿತ್ಸೆಯನ್ನೇ ಹೇಳಿತು. ಮುಂದಿನದು ಅಕೋಜಿಬೊರೋಲ್: 320 ಮಿಲಿಗ್ರಾಂನ ಮೂರು ಮಾತ್ರೆ, ಒಂದೇ ಸಲ. 2022ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ರೋಗ ಬಲಿತವರಲ್ಲೂ ಶೇ 95ರಷ್ಟು ಯಶಸ್ಸು ಕಂಡಿತು.

ಕಹಿ ಮಾತ್ರೆ

ಶಿಸ್ಟೊಸೋಮಿಯಾಸಿಸ್ ಎನ್ನುವ ಹುಳುವಿನ ಕಾಯಿಲೆಗೆ ಪ್ರಾಜಿಕ್ವಾಂಟೆಲ್ 1970ರ ದಶಕದಿಂದಲೂ ಇದೆ. ಶಾಲೆಗೆ ಹೋಗುವ ಮಕ್ಕಳಿಗೆ ಕೋಟಿಗಟ್ಟಲೆ ಮಾತ್ರೆ ಹಂಚುತ್ತಾರೆ. ಇನ್ನೂ ಶಾಲೆ ಸೇರದ ಪುಟ್ಟ ಮಕ್ಕಳು ಮಾತ್ರ ಹೊರಗುಳಿದಿದ್ದರು. ಮಾತ್ರೆ ದೊಡ್ಡದು, ವಿಪರೀತ ಕಹಿ. ಪುಡಿ ಮಾಡಿದರೆ ಕಹಿ ಇನ್ನೂ ಹೆಚ್ಚಿ ಮಗು ಉಗಿದುಬಿಡುತ್ತದೆ. ಈ ಔಷಧದಲ್ಲಿ ಒಂದಕ್ಕೊಂದು ಕನ್ನಡಿಯ ಬಿಂಬದಂತಿರುವ ಎರಡು ಬಗೆಯ ಅಣುಗಳು ಅರ್ಧರ್ಧ ಇವೆ. ಹುಳುವನ್ನು ಕೊಲ್ಲುವುದು ಒಂದು. ಇನ್ನೊಂದರ ಕೊಡುಗೆ ಹೆಚ್ಚಾಗಿ ಕಹಿ ಮತ್ತು ಗಾತ್ರ. ಬೇಡದ ಅರ್ಧವನ್ನು ತೆಗೆದುಹಾಕಿ, 150 ಮಿಲಿಗ್ರಾಂನ, ನೀರಿನಲ್ಲಿ ಕದಡುವ ಮಾತ್ರೆ ಮಾಡುವುದೇ 2012ರಲ್ಲಿ ಶುರುವಾದ ಒಕ್ಕೂಟದ ಗುರಿ. ಜರ್ಮನಿಯ ಮೆರ್ಕ್, ಜಪಾನಿನ ಆಸ್ಟೆಲ್ಲಾಸ್, ಸ್ವಿಸ್ ಉಷ್ಣವಲಯ ಸಂಸ್ಥೆ, ಬ್ರೆಜಿಲ್‌ನ ಸರ್ಕಾರಿ ಔಷಧ ಕಾರ್ಖಾನೆ ಅದರಲ್ಲಿದ್ದವು. ಕೇಳಲು ಸರಳ. ಆದರೆ ಮೂರು ತಿಂಗಳ ಕೂಸಿನಿಂದ ಆರು ವರ್ಷದವರೆಗೆ ಡೋಸ್ ನಿಗದಿ ಮಾಡಿ, ಕೆನ್ಯಾ ಮತ್ತು ಐವರಿ ಕೋಸ್ಟ್‌ನಲ್ಲಿ ಮೂರನೆಯ ಹಂತದ ಪ್ರಯೋಗ ಮುಗಿಸಿ ಯುರೋಪಿನ ಸಮ್ಮತಿ ಪಡೆಯುವ ಹೊತ್ತಿಗೆ 2023ರ ಡಿಸೆಂಬರ್ ಬಂದಿತ್ತು.

ಕರಾರಿನಲ್ಲಿ ಇರಬೇಕಾದ್ದು

ಇಂಥ ಒಪ್ಪಂದವನ್ನು ಓದುವಾಗ ನೇರವಾಗಿ ನೋಡಬೇಕಾದ ಅಂಶಗಳು ಕೆಲವೇ. ರೋಗ ಇರುವ ಎಲ್ಲ ದೇಶಗಳಿಗೂ ರಾಯಧನವಿಲ್ಲದ ಲೈಸೆನ್ಸ್ ಇದೆಯೇ, ಅಥವಾ ತೀರಾ ಬಡ ದೇಶಗಳಿಗಷ್ಟೇ ಸೀಮಿತವೇ? ಬ್ರೆಜಿಲ್‌ನಂಥ ಮಧ್ಯಮ ಆದಾಯದ ದೇಶಗಳಲ್ಲೂ ಲಕ್ಷಾಂತರ ಬಡ ರೋಗಿಗಳಿದ್ದಾರೆ. ಅವರು ಕೈತಪ್ಪುವುದು ಇಲ್ಲೇ. ಬೆಲೆಯನ್ನು ತಯಾರಿಕಾ ವೆಚ್ಚಕ್ಕೆ ಕಟ್ಟಿಹಾಕಿದೆಯೇ? ಕಂಪನಿ ಹಿಂದೆ ಸರಿದರೆ ತಯಾರಿಕೆಯ ವಿಧಾನ, ಕಡತ, ಮಾಹಿತಿಯನ್ನು ಮತ್ತೊಬ್ಬರಿಗೆ ಒಪ್ಪಿಸುವ ಷರತ್ತು ಇದೆಯೇ? ಸೋತ ಪ್ರಯೋಗದ ಫಲಿತಾಂಶವನ್ನೂ ಪ್ರಕಟಿಸಬೇಕೆಂದು ಬರೆದಿದೆಯೇ? 'ಕೈಗೆಟಕುವ ಬೆಲೆಗೆ ಒದಗಿಸಲು ಪ್ರಯತ್ನಿಸಲಾಗುವುದು' ಎಂಬಂಥ ಸಾಲು ಕಂಡರೆ ಅದಕ್ಕೆ ಬೆಲೆಯಿಲ್ಲ ಎಂದೇ ತಿಳಿಯಬೇಕು. ಮಲೇರಿಯಾಕ್ಕೆ ಡಿಎನ್‌ಡಿಐ ಮತ್ತು ಸನೋಫಿ 2007ರಲ್ಲಿ ತಂದ ಎಎಸ್‌ಎಕ್ಯೂ ಮಾತ್ರೆಗೆ ಪೇಟೆಂಟನ್ನೇ ಪಡೆಯಲಿಲ್ಲ, ದೊಡ್ಡವರ ಪೂರ್ತಿ ಚಿಕಿತ್ಸೆಗೆ ಒಂದು ಡಾಲರ್ ಮೀರದ ಗುರಿಯಿಟ್ಟರು. ಷರತ್ತು ಎಂದರೆ ಹಾಗಿರಬೇಕು.

ಷರತ್ತಿಲ್ಲದ ಬಹುಮಾನ ಏನಾಗುತ್ತದೆ ಎಂಬುದಕ್ಕೆ ಮಿಲ್ಟೆಫೋಸಿನ್ ಸಾಕ್ಷಿ. ಕಾಲಾ ಅಜಾರ್‌ಗೆ ಬಾಯಿಗೆ ನುಂಗುವ ಮೊದಲ ಮದ್ದು ಅದು. ಜರ್ಮನ್ ಕಂಪನಿ, ವಿಶ್ವ ಆರೋಗ್ಯ ಸಂಸ್ಥೆ ಮತ್ತು ಭಾರತದ ಸಂಶೋಧಕರು ಸೇರಿ ಪ್ರಯೋಗ ಮಾಡಿ 2002ರಲ್ಲೇ ಭಾರತದಲ್ಲಿ ಅನುಮತಿ ಪಡೆದಿತ್ತು. ಅಮೆರಿಕ 2007ರಲ್ಲಿ ಒಂದು ಕಾನೂನು ತಂದಿತು: ಉಷ್ಣವಲಯದ ಕಾಯಿಲೆಗೆ ಔಷಧ ನೋಂದಾಯಿಸಿದವರಿಗೆ ಒಂದು ವೋಚರ್. ಅದನ್ನು ಬೇರಾವುದೇ ಔಷಧಕ್ಕೆ ಬಳಸಿ ಪರಿಶೀಲನೆಯನ್ನು ಹತ್ತು ತಿಂಗಳ ಬದಲು ಆರರಲ್ಲಿ ಮುಗಿಸಿಕೊಳ್ಳಬಹುದು, ಮಾರಲೂಬಹುದು. ಮಿಲ್ಟೆಫೋಸಿನ್‌ನ ಹಕ್ಕು ಪಡೆದಿದ್ದ ಕೆನಡಾದ ನೈಟ್ ಕಂಪನಿ 2014ರಲ್ಲಿ ಅಮೆರಿಕದ ಅನುಮತಿ ಪಡೆದು, ಸಿಕ್ಕ ವೋಚರನ್ನು ಗಿಲಿಯಡ್‌ಗೆ 12.5 ಕೋಟಿ ಡಾಲರ್‌ಗೆ ಮಾರಿತು. ಔಷಧವನ್ನು ರೋಗಿಗಳಿಗೆ ಇಂತಿಷ್ಟು ಬೆಲೆಗೆ ಒದಗಿಸಬೇಕೆಂಬ ಕಟ್ಟುಪಾಡು ಕಾನೂನಿನಲ್ಲೇ ಇರಲಿಲ್ಲ. ಎಂಎಸ್‌ಎಫ್‌ನಂಥ ಸಂಸ್ಥೆಗಳು ಕೂಗೆಬ್ಬಿಸಿದ್ದು ಅದಕ್ಕೇ. ವೋಚರ್ ಕಲ್ಪನೆಯೇ ಕೆಟ್ಟದ್ದೆಂದಲ್ಲ. ಆಸ್ಟ್ರೇಲಿಯಾದ ಲಾಭರಹಿತ ಸಂಸ್ಥೆಯೊಂದು 2018ರಲ್ಲಿ ನದಿ ಕುರುಡಿನ ಮಾಕ್ಸಿಡೆಕ್ಟಿನ್‌ಗೆ ಅಮೆರಿಕದ ಅನುಮತಿ ಪಡೆದದ್ದರ ಹಿಂದೆ ಇದೇ ಆಸೆ ಕೆಲಸ ಮಾಡಿತ್ತು.

ಖರ್ಚಿನ ಮಾತು ಬಂದಾಗ ಎರಡು ಅಂಕಿಗಳನ್ನು ಎದುರುಬದುರು ಇಡುವುದು ರೂಢಿ. ದೊಡ್ಡ ಕಂಪನಿಗಳ ಒಂದು ಹೊಸ ಔಷಧಕ್ಕೆ 260 ಕೋಟಿ ಡಾಲರ್ ಎಂದು ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯದ ಕೇಂದ್ರ 2014ರಲ್ಲಿ ಅಂದಾಜಿಸಿತು. ಸೋತವುಗಳ ವೆಚ್ಚವೂ ಸೇರಿ 6 ಕೋಟಿಯಿಂದ 19 ಕೋಟಿ ಯೂರೋದಲ್ಲಿ ಮುಗಿಯುತ್ತದೆ ಎನ್ನುತ್ತದೆ ಡಿಎನ್‌ಡಿಐ. ಇದನ್ನು ನೇರವಾಗಿ ಹೋಲಿಸುವುದು ಸರಿಯಲ್ಲ. ಮೊದಲನೆಯದರಲ್ಲಿ ಹೂಡಿದ ಬಂಡವಾಳದ ಬಡ್ಡಿಯೂ ಸೇರಿದೆ. ಎರಡನೆಯದರಲ್ಲಿ ಕಂಪನಿಗಳು ಪುಕ್ಕಟೆಯಾಗಿ ಕೊಟ್ಟ ಸಂಯುಕ್ತ, ಸಿಬ್ಬಂದಿ, ಯಂತ್ರಗಳ ಬೆಲೆ ಪೂರ್ತಿ ಸೇರಿಲ್ಲ. ಆದರೂ ಸಹಭಾಗಿತ್ವದಲ್ಲಿ ಖರ್ಚು ಬಹಳ ಕಡಿಮೆ ಎನ್ನುವುದಂತೂ ನಿಜ.

ಅನುಮತಿ ಸಿಕ್ಕ ಮೇಲೆ

ಹೆಚ್ಚಿನ ಅನಾಹುತ ಆಗುವುದು ಎಲ್ಲರೂ ಅಭಿನಂದಿಸಿಕೊಂಡು ಮನೆಗೆ ಹೋದ ಮೇಲೆ. ಬೆಂಜ್‌ನಿಡಜೋಲ್ ತಯಾರಿಕೆಯನ್ನು ರೋಶ್ ಕಂಪನಿ ಬ್ರೆಜಿಲ್‌ನ ಸರ್ಕಾರಿ ಕಾರ್ಖಾನೆಗೆ ಒಪ್ಪಿಸಿತ್ತು. ಆಗ ಇಡೀ ಜಗತ್ತಿಗೆ ಅದೊಂದೇ ತಯಾರಕ. 2011ರಲ್ಲಿ ಮೂಲ ಔಷಧದ ಪುಡಿಯ ಪೂರೈಕೆ ಕೈಕೊಟ್ಟಾಗ ಹಲವು ದೇಶಗಳಲ್ಲಿ ಹೊಸ ರೋಗಿಗಳಿಗೆ ಚಿಕಿತ್ಸೆಯೇ ನಿಂತಿತು. ಅದೇ ವರ್ಷ ಮಕ್ಕಳಿಗೆಂದು 12.5 ಮಿಲಿಗ್ರಾಂ ಮಾತ್ರೆ ನೋಂದಣಿಯಾಗಿತ್ತು. ಅದಕ್ಕೆ ಮುಂಚೆ ತಾಯಂದಿರು 100 ಮಿಲಿಗ್ರಾಂ ಮಾತ್ರೆಯನ್ನು ಚೂರು ಮಾಡಿ ಅಂದಾಜಿನಲ್ಲಿ ಕೊಡುತ್ತಿದ್ದರು. ಪುಡಿಗೆ ಎರಡನೆಯ ಪೂರೈಕೆದಾರ, ಮಾತ್ರೆಗೆ ಎರಡನೆಯ ತಯಾರಕ ಇರಲೇಬೇಕೆಂಬ ಪಾಠ ಕಲಿತದ್ದು ಇಂಥ ಪೆಟ್ಟುಗಳಿಂದ.

ಉಚಿತ ದೇಣಿಗೆಗೂ ಮಿತಿಯಿದೆ. ನದಿ ಕುರುಡಿಗೆ ಐವರ್‌ಮೆಕ್ಟಿನ್ ಅನ್ನು 'ಬೇಕಾದಷ್ಟು, ಬೇಕಾದಷ್ಟು ಕಾಲ' ಕೊಡುತ್ತೇವೆಂದು 1987ರಲ್ಲಿ ಅಮೆರಿಕದ ಮರ್ಕ್ ಹೇಳಿದ್ದನ್ನು ಇಂದಿಗೂ ನಡೆಸಿಕೊಂಡು ಬಂದಿದೆ. ಎಲ್ಲ ದೇಣಿಗೆಗಳೂ ಹಾಗಿರುವುದಿಲ್ಲ. ಗಿಲಿಯಡ್ 2011ರಲ್ಲಿ ಕಾಲಾ ಅಜಾರ್‌ಗೆ ಒಪ್ಪಿಕೊಂಡ 4,45,000 ಬಾಟಲಿ ಆಂಬಿಸೋಮ್ ಮದ್ದಿನ ಅವಧಿ ಐದು ವರ್ಷ. ಪ್ರತಿ ನವೀಕರಣದ ಹೊತ್ತಿಗೂ ಕಾರ್ಯಕ್ರಮದವರು ತುದಿಗಾಲಲ್ಲಿ ನಿಂತಿರಬೇಕು. ಸಂಶೋಧನೆಗೆ ಬರುವ ಸರ್ಕಾರಿ ಹಣದ ಕತೆಯೂ ಅದೇ. ಬ್ರಿಟನ್ 2021ರಲ್ಲಿ ವಿದೇಶಿ ನೆರವನ್ನು ರಾಷ್ಟ್ರೀಯ ಆದಾಯದ ಶೇ 0.7ರಿಂದ 0.5ಕ್ಕೆ ಇಳಿಸಿದಾಗ ಈ ಕ್ಷೇತ್ರಕ್ಕೂ ಬಿಸಿ ತಟ್ಟಿತು.

ಇನ್ನೊಂದು ವಿಚಿತ್ರ ಸಮಸ್ಯೆಯಿದೆ, ಅದು ಗೆಲುವಿನಿಂದಲೇ ಹುಟ್ಟುವುದು. 1998ರಲ್ಲಿ 37,000ಕ್ಕೂ ಹೆಚ್ಚು ನಿದ್ರಾ ರೋಗದ ಪ್ರಕರಣಗಳು ವರದಿಯಾಗಿದ್ದವು; 2018ರಿಂದೀಚೆಗೆ ಆ ಸಂಖ್ಯೆ ವರ್ಷಕ್ಕೆ ಸಾವಿರದ ಒಳಗೇ ಇದೆ. ವರ್ಷಕ್ಕೆ ಕೆಲವೇ ನೂರು ಜನರಿಗೆ ಬೇಕಾದ ಮಾತ್ರೆಗೆ ಕಾರ್ಖಾನೆಯ ಒಂದು ಬ್ಯಾಚೇ ಹೆಚ್ಚಾಗುತ್ತದೆ, ಉಳಿದದ್ದು ಅವಧಿ ಮೀರುತ್ತದೆ. ರೋಗಿಗಳಿರುವುದೋ ದೂರದೂರದ ಹಳ್ಳಿಗಳಲ್ಲಿ. ಅಲ್ಲೊಂದು ಇಲ್ಲೊಂದು ಪೆಟ್ಟಿಗೆ ಸದಾ ಇರಲೇಬೇಕು. ಹಾಗಾಗಿ ಈಗಿನ ಒಪ್ಪಂದಗಳಲ್ಲಿ ಕಂಪನಿ ಔಷಧವನ್ನು ವಿಶ್ವ ಆರೋಗ್ಯ ಸಂಸ್ಥೆಗೆ ಉಚಿತವಾಗಿ ಒಪ್ಪಿಸುತ್ತದೆ, ಯಾವ ದೇಶಕ್ಕೆ ಎಷ್ಟು ಎಂಬ ಅಂದಾಜು ಮತ್ತು ಹಂಚಿಕೆ ಆ ಸಂಸ್ಥೆಯದು. ರೋಗ ಪೂರ್ತಿ ಹೋದ ಮೇಲೂ ಕೆಲವು ವರ್ಷ ದಾಸ್ತಾನು ಇಟ್ಟುಕೊಳ್ಳಬೇಕು. ಯಾರೂ ನುಂಗದೆ ಅವಧಿ ಮೀರಿ ಎಸೆಯಬೇಕಾದ ಆ ಮಾತ್ರೆಗಳ ಖರ್ಚು ಯಾರದು ಎಂಬುದನ್ನೂ ಈಗಲೇ ಕರಾರಿನಲ್ಲಿ ಬರೆಯಬೇಕು.